ಮುಳುಗುವವನ ಪಾತ್ರ

ದುರಗೇಶ ಸರಿಯಾಗಿ ಮುಳುಗುತ್ತಿರಲಿಲ್ಲ.

"ಏ ದುರಗ್ಯಾ, ನೀ ಮುಳುಗಾಕತ್ತೀಯೋ, ಜಳಕ ಮಾಡಾಕತ್ತೀಯೋ?" ದಂಡೆಯ ಬಂಡೆಯೊಂದನ್ನೇರಿ ನಿಂತ ಅಲ್ಲಾಸಾಬ ಕೈಮೈಕಿನಲ್ಲಿ ಕೂಗಿದ. "ಬೆನ್ನು ತಿಕ್ಕಾಕ ಯಾರನ್ನಾರ ಕಳಸ್ಲೇನು?"

ದುರಗೇಶ ಮತ್ತೆ ಕೈ ಬಡಿದ, ಬಾಯಿ ತೆರೆದ, ಒಂದು ಗುಟುಕು ತುಂಗಭದ್ರೆಯನ್ನು ಒಳಗೆಳೆದು ಉಗುಳಿದ. ಮಳೆಗಾಲಕ್ಕೆ ಮುಂಚಿನ ಹೊಳೆ. ಆನೆಗೊಂದಿಯ ಬಂಡೆಗಳ ಕಾಲಬುಡದಲ್ಲಿ, ಉಂಡು ಅಡ್ಡಾದ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು. ಇಂಥ ನೀರಿನಲ್ಲಿ ಮುಳುಗಬೇಕಾದರೆ ಬಹಳ ಶ್ರದ್ಧೆ ಬೇಕು.

ಹೊತ್ತು ಇಳಿದ ಮೇಲೆ ಸಾಹೇಬರು ಬರುವವರಿದ್ದರು. ಡ್ಯಾಮಿನ ಗೇಟು ತೆಗೆಯುವ ಕಾಲ ಹತ್ತಿರ ಬಂತೆಂದರೆ, ವಿಪತ್ತು ತಂಡದವರು ತಯಾರಿದ್ದಾರೋ ಇಲ್ಲವೋ ಎಂದು ನೋಡಲು ಒಬ್ಬ ಮುಳುಗಬೇಕು, ಉಳಿದವರು ಅವನನ್ನು ತೆಗೆಯಬೇಕು. ಸರಕಾರಿ ಕನ್ನಡದಲ್ಲಿ ಇದಕ್ಕೆ ಅಣಕು ಕಾರ್ಯಾಚರಣೆ ಎಂದು ಹೆಸರು. ಅಣಕಿಸಿ ಅಣಕಿಸಿ ಬೈಸಿಕೊಂಡೇ ಬೆಳೆದ ದುರಗೇಶನಿಗೆ, ಸರಕಾರವೇ ಕರೆದು ಅಣಕಿಸು ಅನ್ನುವ ದಿನ ಇದೊಂದೇ. ಹಾಗಾಗಿ ಮುಳುಗುವವನ ಪಾತ್ರ ಯಾವಾಗಲೂ ಅವನದು. ಒಂದು ಸಲ ಕುಡುಕನಾಗಿ ಮುಳುಗಿದ್ದ, ಒಂದು ಸಲ ಶ್ರೀರಾಮನಗರದ ಭತ್ತದ ರೈತನಾಗಿ ತೆಲುಗಿನಲ್ಲಿ ಬಾಯಿ ಬಡಿದುಕೊಳ್ಳುತ್ತ ಮುಳುಗಿದ್ದ. ಇನ್ನೊಮ್ಮೆ ಫೋಟೊ ತೆಗೆಯುತ್ತ ಜಾರಿದ ವಿದೇಶಿಯಾಗಿ ಎಷ್ಟು ಚೆಂದ ಮುಳುಗಿದ್ದನೆಂದರೆ, ದಂಡೆಯ ಮೇಲಿದ್ದ ನಿಜವಾದ ವಿದೇಶಿಯೇ ಚಪ್ಪಾಳೆ ಹೊಡೆದಿದ್ದ. "ಈ ವರ್ಷ ಯಾರಾಗಿ ಮುಳಗ್ತೀಯೋ?" ಎಂದು ಜನ ದಾರಿಯಲ್ಲೇ ತಡೆದು ಕೇಳುತ್ತಿದ್ದರು.

ಈ ವರ್ಷ ಯಾರಾಗಿಯೂ ಮುಳುಗಲು ಬರುತ್ತಿರಲಿಲ್ಲ. ಕೈ ಬಡಿದರೆ ಅದು ತನ್ನದೇ ಕೈಯಾಗಿತ್ತು.

ತಾಲೀಮು ಮುಗಿಸಿ ತಂಡ ಬಿಡಾರ ಹೂಡಿದ್ದ ಶಾಲೆಯ ಪಡಸಾಲೆಗೆ ಬಂದು ರೊಟ್ಟಿಗೆ ಕೂತಾಗ ಅಲ್ಲಾಸಾಬ ಅವನ ಎದುರೇ ಕೂತ. ಅಗ್ನಿಶಾಮಕದಲ್ಲಿ ಮುದುಕನಾದವನು, ಈಗ ಈ ತಂಡದ ಮುಖ್ಯಸ್ಥ. ಹಿಂದಿನ ದಿನವಷ್ಟೇ ಕೊಪ್ಪಳದಿಂದ ಡಾಕ್ಟರು ಬಂದು ಎಲ್ಲರ ಎದೆ, ಕಣ್ಣು, ಬಿಪಿ, ಸಕ್ಕರೆ ನೋಡಿದ್ದರು. ಈಜು ನೋಡಿದ್ದಾಯಿತು, ಹಗ್ಗದ ಗಂಟು ನೋಡಿದ್ದಾಯಿತು, ಭತ್ತದ ಚೀಲ ಹೆಗಲಿಗೇರಿಸಿ ಓಡಿಸಿದ್ದೂ ಆಯಿತು. ಉಳಿದ ದಿನಗಳಲ್ಲಿ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ದುರಗೇಶನಿಗೆ ಅದೊಂದು ಪರೀಕ್ಷೆಯೇ? ಕೊನೆಗೆ ಎಳೆ ವಯಸ್ಸಿನ ಡಾಕ್ಟರಮ್ಮ, "ಮನಸ್ಸಿಗೆ ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದ್ದಳು. ದುರಗೇಶ ಮನಸ್ಸಿಗೆ ಏನೂ ಇಲ್ಲದವನೊಬ್ಬನ ದನಿ ತೆಗೆದು, "ಏನೂ ಇಲ್ರೀ ಮೇಡಂ" ಅಂದಿದ್ದ. ಅದೂ ಪಾಸಾಗಿತ್ತು.

ಆದರೆ ಅಲ್ಲಾಸಾಬನ ಪರೀಕ್ಷೆ ಬೇರೆ. ಈಜು ಬಾರದವನನ್ನಾದರೂ ದೋಣಿಗೆ ಹತ್ತಿಸಿಯೇನು, ನಿದ್ದೆ ಬಾರದವನನ್ನು ಹತ್ತಿಸಲಾರೆ ಅನ್ನುವುದು ಅವನ ಕಾನೂನು.

"ನಿನ್ನಿ ರಾತ್ರಿ ನಿದ್ದಿ ಆತೇನೋ?"

"ಭಾಳ ಛಲೋ ಆತು ಚಾಚಾ. ಗೊರಕಿ ಕೇಳಲಿಲ್ಲೇನು?"

"ಕೇಳಿದ್ನಿ. ಅದನ್ನ ವಿಚಾರಸಾಕs ಬಂದೀನಿ. ಅದು ಯಾರ ಗೊರಕಿ?"

"ಯಾರದು ಅಂದ್ರ? ನಂದು."

"ಅದು ನಂದಲೇ ಮಗನ!" ಅಲ್ಲಾಸಾಬ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ನಮ್ಮ ಮನಿಯಾಕಿ ಮೊಬೈಲ್‌ನಾಗ ರೆಕಾರ್ಡ್ ಮಾಡಿ ಬೀಗರ ಮುಂದೆಲ್ಲಾ ಕೇಳಿಸ್ಯಾಳ. ನಡುವ ಒಂದು ಸೀಟಿ ಬರ್ತೈತಿ ನೋಡು, ಅದರ ಮ್ಯಾಲ ಗುರ್ತ ಹಿಡದ್ನಿ. ನಾ ಎಚ್ಚರಿದ್ದಾಗ ನನ್ನ ಗೊರಕಿ ನಿನ್ನ ಹಾಸಿಗ್ಯಾಗಿಂದ ಹೆಂಗ ಬರ್ತೈತಿ?"

ಪಕ್ಕದಲ್ಲಿ ಪುಂಡಿಪಲ್ಲೆ ಬಡಿಸುತ್ತಿದ್ದ ಅನುಸೂಯಾ ಕಿಸಕ್ಕನೆ ನಕ್ಕಳು. ಕೊಪ್ಪಳದ ಗೃಹರಕ್ಷಕ ದಳದವಳು, ತಂಡದಲ್ಲಿ ಹಗ್ಗ ಎಸೆಯುವುದು ಅವಳ ಕೆಲಸ. "ದುರಗೇಶಣ್ಣ ಮಂದೀದು ನಿದ್ದಿನೂ ಕದಿಯಾಕತ್ತಾನ" ಅಂದವಳು, ಅವನ ಕಣ್ಣಿನ ಕೆಳಗಿನ ಕಪ್ಪು ನೋಡಿ ನಗುವನ್ನು ಅರ್ಧಕ್ಕೇ ಬಿಟ್ಟಳು.

"ನಿದ್ದಿಗೆಟ್ಟಾಂವ ದೋಣ್ಯಾಗ ಕುಂತ್ರ ಹೊಳಿ ಅವನೊಬ್ಬನ್ನs ಒಯ್ಯಂಗಿಲ್ಲ" ಅಂದ ಅಲ್ಲಾಸಾಬ. "ಸಂಜಿಗೆ ದೋಣಿಯವರ ಹೆಸರು ಕೇಳ್ತಾರ, ಹೇಳ್ಬೇಕು. ಈ ಮಳಿಗಾಲ ನೀ ಗಂಗಾವತ್ಯಾಗ ಫೋನಿನ ಮುಂದ ಕುಂದ್ರು. ಯಾರ ದನ್ಯಾಗ ಬೇಕಾದ್ರೂ ಹಲೋ ಅನ್ನು, ಯಾರೂ ಬ್ಯಾಡ ಅನ್ನಂಗಿಲ್ಲ."

"ಬ್ಯಾಡ್ರಿ ಚಾಚಾ. ಈ ಸಲ ನೀರಿಗೆ ಇಳೀಲಿಲ್ಲ ಅಂದ್ರ ಮುಂದ ನಾ ಯಾವತ್ತೂ ಇಳಿಯಂಗಿಲ್ಲ. ನಮ್ಮಪ್ಪ ಹೊಳಿಯಪ್ಪ ಇದs ಹೊಳ್ಯಾಗ ಹರಿಗೋಲು ಹಾಕಿ ನನ್ನ ಜ್ವಾಪಾನ ಮಾಡ್ಯಾನ. ನಾ ದಂಡಿಗೆ ಕುಂತು ನೋಡ್ಲೇನು?"

"ಹಂಗಾರ ಹೇಳು, ಏನಾಗೈತಿ ನಿನಗ?"

ದುರಗೇಶ ಬಾಯಿ ತೆರೆದ. ಊರ ಮಂದಿಯ ದನಿಯೆಲ್ಲ ಇದ್ದ ಆ ಬಾಯಲ್ಲಿ ಹುಡುಕಿದರೆ ತನ್ನದೊಂದು ಸಿಗಲಿಲ್ಲ. ರೊಟ್ಟಿಯ ಚೂರು ತಾಟಿನಲ್ಲೇ ಬಿಟ್ಟು ಎದ್ದುಹೋದ.

ಶಾಲೆಯ ಹಿಂದೆ ಬಾಳೆತೋಟ. ಒಣಗಿದ ಎಲೆಗಳ ಮೇಲೆ ಅಂಗಾತ ಮಲಗಿದ. ಮೇಲೆ ಹಸಿರು ಬಿಸಿಲು ಅಲ್ಲಾಡುತ್ತಿತ್ತು. ನಿದ್ದೆ ಇಲ್ಲದವನಿಗೆ ಜಗತ್ತೆಲ್ಲ ತುಸು ನೀರೊಳಗಿನಿಂದ ಕಂಡಂತೆಯೇ ಕಾಣುತ್ತದೆ. ಬಂಡೆಗಳು ಉಸಿರಾಡುತ್ತವೆ, ದೂರದ ಮಾತು ಕಿವಿಯ ಪಕ್ಕದಲ್ಲೇ ಕೇಳಿ, ಪಕ್ಕದ ಮಾತು ದೂರ ಹೋಗುತ್ತದೆ. ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ, ಗಂಟಲು ತಾನೇ ತಾನಾಗಿ ಅಲುಗಿತು. ಎರಡೇ ಮಾತು. ಬಂದೆ, ತಡೀ.

ಅದು ಕಾಶಿನಾಥನ ದನಿ.

ಯಾವುದೇ ದನಿ ಒಮ್ಮೆ ಕಿವಿಯೊಳಗೆ ಹೋಯಿತೆಂದರೆ, ಬಾಡಿಗೆ ಕೊಡದ ಬಿಡಾರದವನ ಹಾಗೆ ದುರಗೇಶನಲ್ಲಿ ಕೂತುಬಿಡುತ್ತಿತ್ತು. ಹೋದ ಮಳೆಗಾಲದಲ್ಲಿ ಬಂದು ಕೂತ ಈ ದನಿ ಮಾತ್ರ ಮಲಗಲೂ ಬಿಡುತ್ತಿರಲಿಲ್ಲ. ಅವತ್ತು ಡ್ಯಾಮಿನಿಂದ ನೀರು ಬಿಟ್ಟಾಗ, ಹೊಳೆಯ ಬದಿಯ ಮೋಟರ್ ಬಿಚ್ಚಿ ತರುತ್ತೇನೆಂದು ಹೋದ ಕಾಶಿನಾಥ, ನೀರು ಸುತ್ತುವರಿದು, ನಡುಹೊಳೆಯ ಬಂಡೆಯ ಮೇಲೆ ಸಿಕ್ಕಿಬಿದ್ದಿದ್ದ. ಹರಿಗೋಲು ಆ ಸುಳಿಗೆ ನಿಲ್ಲುವಂತಿರಲಿಲ್ಲ, ಹಗ್ಗ ಅಲ್ಲಿಯವರೆಗೆ ಮುಟ್ಟಲಿಲ್ಲ, ಯಂತ್ರದ ದೋಣಿ ಇನ್ನೂ ದಾರಿಯಲ್ಲಿತ್ತು. ದೋಣಿಯವರಿಗೆ ದಾರಿ ತೋರಿಸಲು ಉಳಿದವರೆಲ್ಲ ರಸ್ತೆಗೆ ಓಡುವಾಗ ಅಲ್ಲಾಸಾಬ ದುರಗೇಶನಿಗೆ ಹೇಳಿದ್ದ: "ಮಾತು ಬಿಡಬ್ಯಾಡ. ಅಂವ ನಿನ್ನ ಕಡೆ ನೋಡ್ಬೇಕು, ನೀರಿನ ಕಡೆ ನೋಡಬಾರ್ದು." ತಂಡದಲ್ಲಿ ಅದೂ ಒಂದು ಕೆಲಸ. ಸಿಕ್ಕಿಬಿದ್ದವನನ್ನು ಮಾತಿನಲ್ಲಿ ಹಿಡಿದಿಡುವುದು. ಬಾಯಿ ಇದ್ದವನಿಗೆ ಆ ಕೆಲಸ.

ದುರಗೇಶ ಹಿಡಿದಿಟ್ಟ. ಬಸ್ಸಿನ ಕಂಡಕ್ಟರನ ದನಿ ತೆಗೆದ, ಹರಾಜಿನಲ್ಲಿ ಬಾಳೆಗೊನೆ ಕೂಗುವವನ ದನಿ ತೆಗೆದ. ಗಾಳಿ ಇತ್ತ ಬೀಸಿದಾಗ ಕಾಶಿನಾಥನ ನಗು ತೇಲಿ ಬರುತ್ತಿತ್ತು. ಕೆಂಪು ನೀರು ಅವನ ಮೊಣಕಾಲು ಮುಟ್ಟಿದಾಗಲೂ ನಕ್ಕ. ಆಮೇಲೆ ಅವನೇ ಕೂಗಿ ಇನ್ನೊಂದು ದನಿ ತೆಗೆಯೆಂದು ಕೇಳಿದ. ದುರಗೇಶ ತೆಗೆದ. ಆ ದನಿಗೆ ಅವನು "ಬಂದೆ, ತಡೀ" ಅಂದ, ತಲೆ ಹಿಂದೆ ಚೆಲ್ಲಿ ನಕ್ಕ, ಬಂಡೆ ಹಿಡಿದ ಕೈ ಜಾರಿತು. ದೋಣಿ ಬಂದಾಗ ಬಂಡೆಯ ಮೇಲೆ ನೀರಷ್ಟೇ ಇತ್ತು.

ಕಾಶಿನಾಥನ ಹೆಂಡತಿ ಹನುಮಂತಮ್ಮ ದಂಡೆಗೆ ಓಡಿ ಬಂದು, "ಏನಾರ ಅಂದನೇನೋ ತಮ್ಮಾ?" ಎಂದು ಕೇಳಿದ್ದಳು.

"ನೀರಿನ ಸಪ್ಪಳದಾಗ ಏನೂ ಕೇಳಲಿಲ್ಲಕ್ಕಾ" ಅಂದಿದ್ದ.

ಬಾಳೆ ಎಲೆಯ ಮರೆಯಿಂದ ಅನುಸೂಯಾಳ ಕೂಗು ಬಂತು. "ದುರಗೇಶಣ್ಣಾ, ಏಳು! ಸಾಹೇಬ್ರು ಬಂದ್ರು. ಮುಳುಗೂ ಹೊತ್ತಾತು!"

ದಂಡೆಯ ಮೇಲೆ ಶಾಮಿಯಾನ, ಕುರ್ಚಿ, ಕುರ್ಚಿಗಳ ಮೇಲೆ ಸಾಹೇಬರು, ಸಾಹೇಬರ ಕೈಯಲ್ಲಿ ಎಳನೀರು. ಮೆಟ್ಟಿಲುಗಳ ತುಂಬ ಜನ. ಬಾಳೆನಾರಿನ ಕೆಲಸದಿಂದ ನೇರವಾಗಿ ಎದ್ದು ಬಂದ ಹೆಂಗಸರ ಗುಂಪೊಂದು ಕೆಳಗಿನ ಮೆಟ್ಟಿಲ ಮೇಲೆ ಕೂತಿತ್ತು. ಅದರಲ್ಲಿ ಹನುಮಂತಮ್ಮನೂ ಇದ್ದದ್ದನ್ನು ದುರಗೇಶ ನೋಡಲಿಲ್ಲ. ಅವನು ಆಗಲೇ ನಡುನೀರಿಗೆ ಈಜಿಹೋಗಿದ್ದ. ಮೈಕಿನವನು, "ಈಗ ತಾವೆಲ್ಲರೂ ನೋಡುತ್ತಿರುವಂತೆ ಒಬ್ಬ ದುರ್ದೈವಿ ನೀರಿನಲ್ಲಿ..." ಎಂದು ಕಂಠ ನಡುಗಿಸಿದ. ಜನ ಸಿಳ್ಳೆ ಹೊಡೆದರು.

ದುರಗೇಶ ಕೈ ಬಡಿದ. ಸಂಜೆಯ ಬಿಸಿಲು ನೀರಿನ ಮೇಲೆ ಹಿತ್ತಾಳೆಯ ಹಾಗೆ ಮಲಗಿತ್ತು. ಒಮ್ಮೆ ಒಳಗೆ ಹೋದ. ಒಳಗೆ ಹಸಿರು, ಮೆತ್ತಗೆ, ಸದ್ದಿಲ್ಲ. ಇಷ್ಟು ದಿನ ಯಾವ ಹಾಸಿಗೆಯೂ ಕೊಡದ ಒಂದು ಸುಖ ಕಾಲಿನಿಂದ ಏರಿಬಂದು ಸೊಂಟ ಹಿಡಿಯಿತು. ಇಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿದರೆ ಯಾರಿಗೇನು ಲುಕ್ಸಾನು ಅನ್ನಿಸಿತು. ಮುಚ್ಚಿದ. ಮೇಲೆ ಜನ ಅವನನ್ನು ಮರೆತಷ್ಟು ದೂರದಲ್ಲಿದ್ದರು. ಆಮೇಲೆ ಎದೆ ತಾನೇ ಗಾಳಿ ಕೇಳಿತು. ಮೈ ಮೇಲೆದ್ದಿತು, ತಲೆ ಹಿಂದೆ ಚೆಲ್ಲಿತು, ಬಾಯಿ ತೆರೆಯಿತು.

"ಬಂದೆ, ತಡೀ..."

ಕೊನೆಯ ಅಕ್ಷರ ಆಕಳಿಕೆಯ ಹಾಗೆ ಎಳೆದುಕೊಂಡು, ಅದರ ಬಾಲಕ್ಕೊಂದು ನಗು ಕಟ್ಟಿಕೊಂಡು, ನೀರಿನ ಮೇಲೆ ಜಾರಿ ಹೋಗಿ ಮೆಟ್ಟಿಲಿಗೆ ಮುಟ್ಟಿತು. ಸಿಳ್ಳೆಗಳು ನಿಂತವು. ಊರವರಿಗೆ ಆ ದನಿ ಹೊಸದಲ್ಲ. ಒಬ್ಬ ಮುದುಕ ತಲೆಯ ಮೇಲಿನ ಟವೆಲ್ಲು ತೆಗೆದ. ಕುರ್ಚಿಗಳ ಮೇಲಿದ್ದವರಷ್ಟೇ ಏನೂ ತಿಳಿಯದೆ ಎಳನೀರು ಹೀರಿದರು.

ಕೆಳಗಿನ ಮೆಟ್ಟಿಲಿನಿಂದ ಹನುಮಂತಮ್ಮ ಎದ್ದಳು. ಅವಸರವಿರಲಿಲ್ಲ, ಮನೆಯ ಹೊಸ್ತಿಲಿಗೆ ಬಂದು ನೋಡುವವಳ ಹಾಗೆ ನೀರಿಗೆ ಕಾಲಿಟ್ಟಳು, ಇನ್ನೊಂದು ಕಾಲಿಟ್ಟಳು. ಪಾಚಿ ಜಾರಿತು. ಅವಳ ಹಸಿರು ಸೀರೆ ನೀರಿನ ಮೇಲೆ ಒಮ್ಮೆ ಎಲೆಯಂತೆ ಹರಡಿ ಒಳಗೆ ಹೋಯಿತು.

ಅನುಸೂಯಾಳ ಹಗ್ಗ ಹಾರುವ ಮುಂಚೆ ದುರಗೇಶ ಅರ್ಧ ದೂರ ಬಂದಿದ್ದ. ಮುಳುಗುತ್ತಿದ್ದವನು ಹೇಗೆ ಬಂದ, ಯಾವಾಗ ಬಂದ ಎಂದು ಯಾರಿಗೂ ಕಾಣಲಿಲ್ಲ. ಹಿಂದಿನಿಂದ ಬಂದು, ಕಂಕುಳಲ್ಲಿ ಕೈ ಹಾಕಿ, ಅವಳ ತಲೆ ತನ್ನ ಎದೆಗೆ ಆನಿಸಿ, ಕಲಿಸಿದ ಹಾಗೆಯೇ, ಒಂದು ಚೂರೂ ತಪ್ಪದೆ, ಎಳೆದು ಮೆಟ್ಟಿಲಿಗೆ ತಂದ. ಹನುಮಂತಮ್ಮ ಕೆಮ್ಮಿದಳು, ನೀರು ಕಾರಿದಳು, ಕಣ್ಣು ಬಿಟ್ಟಳು.

"ಅದ್ಭುತ! ಮುಳುಗುವವನೇ ಮುಳುಗುವವಳನ್ನು ಕಾಪಾಡಿದ ಈ ದೃಶ್ಯ..." ಎಂದು ಮೈಕು ಕೂಗಿತು. ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬರು ಪಕ್ಕದವರಿಗೆ, "ಹೆಣ್ಣುಮಗಳಂತೂ ತುಂಬಾ ನ್ಯಾಚುರಲ್ಲಾಗಿ ಮಾಡಿದಳು" ಅಂದರು.

ಅಲ್ಲಾಸಾಬ ಅವರನ್ನೆಲ್ಲ ಮಂಡಕ್ಕಿ-ಮಿರ್ಚಿಯ ಕಡೆ ಸಾಗಹಾಕಿದ. ಜನ ಕರಗಿದರು. ಶಾಮಿಯಾನದ ಕೆಳಗೆ ಕುರ್ಚಿ ಮಡಚುವ ಸದ್ದು. ಮೆಟ್ಟಿಲ ಮೇಲೆ ತಂಡದ ಕಂಬಳಿ ಹೊದ್ದು ಹನುಮಂತಮ್ಮ ಕೂತಿದ್ದಳು. ಹೋಗೆಂದರೂ ಹೋಗಲಿಲ್ಲ. ದುರಗೇಶನಿಗೆ ಪಕ್ಕದ ಕಲ್ಲು ತೋರಿಸಿದಳು. ಅವನು ಕೂತ.

"ತಮ್ಮಾ, ಆ ಮಾತು ಎಲ್ಲಿ ಕೇಳಿದಿ?"

"ಯಾವ ಮಾತಕ್ಕಾ?"

"ನನ್ನ ಮುಂದ ವ್ಯಾಷ ಹಾಕಬ್ಯಾಡ. ನೀರಿನ ಸಪ್ಪಳದಾಗ ಏನೂ ಕೇಳಲಿಲ್ಲ ಅಂದಿದ್ದಿ."

ದುರಗೇಶ ತನ್ನ ಒದ್ದೆ ಕಾಲನ್ನೇ ನೋಡಿದ.

"ಮಂದಿ ಕರದ್ರ ಅಂವ 'ಬರ್ತೀನ್ರಿ' ಅಂತಿದ್ದ, ಬರ್ತಿದ್ದ" ಅಂದಳು ಹನುಮಂತಮ್ಮ. "'ಬಂದೆ, ತಡೀ' ಅಂತ ನನಗೊಬ್ಬಾಕಿಗೆ ಅಂತಿದ್ದ. ಬರ್ತಿರ್ಲಿಲ್ಲ. ಅವತ್ತು ನಾ ಮನ್ಯಾಗಿದ್ನಿ. ಹೊಳಿ ನಡುವ ಅವನ್ನ ಯಾರು ಕರದ್ರು?"

ಎದುರಿನ ಗುಡ್ಡದ ಬಂಡೆಗಳ ಮೇಲೆ ಬಿಸಿಲು ಒಂದೊಂದನ್ನೇ ಮುಟ್ಟಿ ಬಿಡುತ್ತಿತ್ತು.

"ನಾನs ಕರದ್ನಿ ಅಕ್ಕಾ. ನಿಮ್ಮ ದನ್ಯಾಗ."

ಅವಳು ತಿರುಗಿ ನೋಡಿದಳು.

"ಅಂವs ಕೇಳಿದ. 'ಲೇ ದುರಗ್ಯಾ, ನಮ್ಮಾಕಿ ದನಿ ತಗೀ ನೋಡೂಣು, ಬೈಲಿ' ಅಂದ. ನೀವು ದಿನಾ ಈ ದಂಡಿಗೆ ನಿಂತು ಬೈಯೂದು ಕೇಳಿ ಕೇಳಿ ನನಗ ಬರ್ತಿತ್ತು. ತಗದ್ನಿ. ಅಂವ ನಕ್ಕ. ನಗೂವಾಗs ಕೈ ಬಿಡ್ತಕ್ಕಾ. ನಾ ನಗಸ್ದೆ ಇದ್ರ ದೋಣಿ ಬರೂತನಕ..." ಈ ದನಿ ಯಾರದೆಂದು ಅವನಿಗೇ ಗುರುತು ಹತ್ತಲಿಲ್ಲ. ಒಡಕು, ಒರಟು, ಯಾರಿಂದಲೂ ಕಡ ತಂದದ್ದಲ್ಲ. "ನಾನs ಕೊಂದಂಗಾತು."

ಹನುಮಂತಮ್ಮ ಅತ್ತಳೋ ಇಲ್ಲವೋ ತಿಳಿಯಲಿಲ್ಲ. ಮುಖ ಮೊದಲೇ ಒದ್ದೆಯಾಗಿತ್ತು. ನೀರಿನ ಮೇಲೆ ಒಂದು ನೀರುಕಾಗೆ ಮುಳುಗಿತು. ಬಹಳ ದೂರದಲ್ಲಿ, ಯಾರೂ ನೆನೆಸದ ಕಡೆ, ಎದ್ದಿತು.

"ಏನಂತ ಕರದಿ?"

"ಬ್ಯಾಡಕ್ಕಾ."

"ಕರಿ."

ದುರಗೇಶ ಉಸಿರು ತುಂಬಿಕೊಂಡ. "ಮೋಟರ್ ಹೋದ್ರ ಹೋತು! ರೊಟ್ಟಿ ಆರಾಕತ್ತಾವು! ಮನಿಗೆ ಬಾ!"

ಅತ್ತ ಕೊಡ ತೊಳೆಯುತ್ತಿದ್ದ ಹೆಂಗಸೊಬ್ಬಳು ಬೆಚ್ಚಿ, ಇದೇನಪ್ಪಾ ಇವಳು ಯಾರನ್ನು ಕರೆಯುತ್ತಾಳೆ ಎಂದು ಹನುಮಂತಮ್ಮನ ಕಡೆ ನೋಡಿದಳು. ಹನುಮಂತಮ್ಮ ಕಣ್ಣು ಮಿಟುಕಿಸಲಿಲ್ಲ.

"ಇಷ್ಟು ಜೋರ ಐತೇನು ನನ್ನ ದನಿ?"

"ಐತಕ್ಕಾ."

"ಹೇಳೂದಲ್ಲೇನು ಯಾರಾರ." ಕಂಬಳಿಯನ್ನು ಇನ್ನಷ್ಟು ಬಿಗಿದುಕೊಂಡಳು. ಕೆಲಸ ಕಲಿಸುವವಳ ಹಾಗೆ ಅಂದಳು: "'ಮನಿಗೆ ಬಾ' ಅಂತಿರ್ಲಿಲ್ಲ ನಾನು. 'ಬರ್ತೀಯೋ, ನಾಯಿಗೆ ಹಾಕ್ಲೋ' ಅಂತಿದ್ನಿ. ಅಲ್ಲಿ ತಪ್ಪಿದಿ." ಮತ್ತೆ ಹೊಳೆಯ ಕಡೆ ತಿರುಗಿದಳು. "ಆದ್ರೂ ಅಂವಗ ಗುರ್ತ ಹತ್ತಿತು."

ಆಮೇಲೆ ಅವಳು ಹೇಳುತ್ತ ಹೋದಳು. ಯಾರೂ ಕೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ "ಬಂದೆ, ತಡೀ" ಅಂದವನು ಗೆಳೆಯರ ಟ್ರ್ಯಾಕ್ಟರ್ ಹತ್ತಿ ಹೊಸಪೇಟೆಗೆ ಹೋಗಿಬಿಟ್ಟದ್ದು. ಬರುವಾಗ ಸಿಟ್ಟು ಇಳಿಯಲೆಂದು ಒಂದು ಹಳೇ ಫ್ಯಾನು ಹೊತ್ತು ತಂದದ್ದು. ಮನೆಗೆ ಆಗಿನ್ನೂ ಕರೆಂಟೇ ಬಂದಿರದಿದ್ದದ್ದು. "ಕರೆಂಟ್ ಇಲ್ದ ಮನಿಗೆ ಫ್ಯಾನು! ಗ್ವಾಡಿಗೆ ತೂಗು ಹಾಕಿ ಕೈಲೆ ತಿರುವ್ತಿದ್ದ, ಗಾಳಿ ಬರ್ತೈತೇನು ಅಂತಿದ್ದ."

"ಹ್ಞೂಂ" ಅಂದ ದುರಗೇಶ, ಮೊಣಕಾಲಿಗೆ ತಲೆ ಆನಿಸಿ.

ಕಾಶಿನಾಥನಿಗೆ ಬಾಳೆಹಣ್ಣು ಆಗುತ್ತಿರಲಿಲ್ಲವೆಂದಳು, ಹುಟ್ಟಿದ್ದು ಬಾಳೆತೋಟದಲ್ಲಾದರೂ. ಮೋಟರಿಗೆ ಹೆಸರಿಟ್ಟು ಮಾತಾಡಿಸುತ್ತಿದ್ದನೆಂದಳು. ತನಗೆ ಬೈಯುವುದು ಬಂದದ್ದೇ ಅವನಿಂದ, ತವರಿನಲ್ಲಿ ತಾನು ಬಾಯಿ ಸತ್ತವಳೆಂದೇ ಹೆಸರಾಗಿದ್ದೆನೆಂದಳು. ನಡುನಡುವೆ "ಹ್ಞೂಂ" ಬರುತ್ತಿತ್ತು. ಒಂದಕ್ಕಿಂತ ಒಂದು ತಡವಾಗಿ ಬಂತು, ಒಂದಕ್ಕಿಂತ ಒಂದು ತೆಳ್ಳಗಾಯಿತು. ಹೊಳೆಯ ಹಿತ್ತಾಳೆ ಬಣ್ಣ ಮಾಸಿ ಬೂದಿಯಾಗುವ ಹೊತ್ತಿಗೆ ಬರುವುದು ನಿಂತಿತು.

ಮೇಲಿನ ಮೆಟ್ಟಿಲಲ್ಲಿ ಅನುಸೂಯಾ ಫೋನು ಹಿಡಿದು ಬಂದಳು. "ಚಾಚಾ, ದೋಣಿಯವರ ಹೆಸರು ಕೇಳಾಕತ್ತಾರ."

ಹಗ್ಗ ಸುತ್ತುತ್ತಿದ್ದ ಅಲ್ಲಾಸಾಬ ಫೋನು ತೆಗೆದುಕೊಂಡ. ಹೆಸರುಗಳನ್ನು ಹೇಳುತ್ತ ಹೋದವನು ಕೆಳಗೆ ನೋಡಿ ನಿಂತ. "ದುರಗೇಶಂದು ನಾಳಿ ಹೇಳ್ತೀನ್ರಿ" ಅಂದ. "ಈಗ ಮಲಗ್ಯಾನ."

ಹನುಮಂತಮ್ಮ ಅವರತ್ತ ಒಮ್ಮೆ, ಪಕ್ಕದ ಕಲ್ಲಿನತ್ತ ಒಮ್ಮೆ ನೋಡಿದಳು. ದನಿ ತಗ್ಗಿಸಿದಳು. ಮಾತು ನಿಲ್ಲಿಸಲಿಲ್ಲ.